ಹೊಲದ ಮೇಲೆ ಹಾದ ವಿದ್ಯುತ್ ತಂತಿ: ಕೆಲಸಕ್ಕಿಳಿಯುವ ಮುನ್ನ, ಇಳಿದ ಮೇಲೆ, ಅವಘಡವಾದಾಗ

ಹೊಲದಲ್ಲಿ ಯಾರಿಗಾದರೂ ಕರೆಂಟು ಹೊಡೆದ ಸುದ್ದಿ ಬಂದರೆ ‘ಮೇಲೆ ನೋಡಿಕೊಂಡು ಕೆಲಸ ಮಾಡಬಾರದಿತ್ತೇ’ ಎಂದು ನಾಲ್ಕು ಜನ ಅನ್ನುತ್ತಾರೆ. ಟ್ರ್ಯಾಕ್ಟರ್ ಓಡಿಸುವವನ ಕಣ್ಣು ಸಾಲಿನ ಮೇಲಿರುತ್ತದೆ. ಪೈಪು ಎತ್ತುವವನ ಕಣ್ಣು ಪೈಪಿನ ಕೆಳತುದಿಯ ಮೇಲೆ, ಹೊರೆ ಬಿಗಿಯುವವನ ಕಣ್ಣು ಹಗ್ಗದ ಮೇಲೆ. ಇರಬೇಕಾದದ್ದೂ ಅಲ್ಲೇ. ಆಕಾಶ ನೋಡುತ್ತ ಬೇಸಾಯ ಮಾಡಲಾಗುವುದಿಲ್ಲ. ಹಾಗಾಗಿ ‘ಎಚ್ಚರದಿಂದಿರಿ’ ಎಂಬ ಬುದ್ಧಿವಾದಕ್ಕೆ ಇಲ್ಲಿ ಹೆಚ್ಚು ಜಾಗ ಕೊಟ್ಟಿಲ್ಲ. ಎಚ್ಚರ ತಪ್ಪಿದರೂ ತಂತಿ ತಗುಲದಂತೆ ಜಾಗ, ದಾರಿ, ಯಂತ್ರಗಳನ್ನು ಮೊದಲೇ ಹೊಂದಿಸಿಕೊಳ್ಳುವುದು ಹೇಗೆ ಎಂಬುದೇ ಇಲ್ಲಿನ ವಿಷಯ.

ತಂತಿಯ ಸ್ವಭಾವ

ಕಂಬದಿಂದ ಕಂಬಕ್ಕೆ ಹಾದ ತಂತಿಗಳಲ್ಲಿ ಹೆಚ್ಚಿನವು ಬರಿಯ ಲೋಹ. ಮನೆಯ ವೈರಿಗಿರುವಂತೆ ಮೈಮೇಲೆ ಹೊದಿಕೆ ಇರುವುದಿಲ್ಲ. ಸುತ್ತಲಿನ ಗಾಳಿಯೇ ಅವುಗಳ ಹೊದಿಕೆ. ಕೆಲವು ಕಡೆ ಕಪ್ಪು ಹೊದಿಕೆಯ ತಂತಿ ಎಳೆದಿರುತ್ತಾರೆ. ಅದು ಬಿಸಿಲು ಮಳೆಗೆ ಬಿರುಕು ಬಿಟ್ಟಿರಬಹುದು, ಮುಟ್ಟಿದರೆ ಏನೂ ಆಗದು ಎಂಬ ಭರವಸೆಯಂತೂ ಅದಲ್ಲ. ಹಕ್ಕಿ ಕೂರುತ್ತದಲ್ಲ ಅನ್ನುವವರಿದ್ದಾರೆ. ಹಕ್ಕಿಯ ಎರಡು ಕಾಲೂ ಒಂದೇ ತಂತಿಯ ಮೇಲಿರುತ್ತವೆ; ಅದರ ಮೈಯಿಂದ ನೆಲಕ್ಕಿಳಿಯಲು ಕರೆಂಟಿಗೆ ದಾರಿಯಿಲ್ಲ. ನಾವು ನಿಂತಿರುವುದು ನೆಲದ ಮೇಲೆ.

ಮನುಷ್ಯನ ಜೀವ ತೆಗೆಯಲು ಬಹಳ ಕರೆಂಟು ಬೇಕಿಲ್ಲ. ಸುಮಾರು 10 ಮಿಲಿಆಂಪಿಯರ್ ಹರಿದರೆ ಸ್ನಾಯು ಸೆಟೆದು, ಹಿಡಿದದ್ದನ್ನು ಬಿಡಲಾಗುವುದಿಲ್ಲ. 50 ಮಿಲಿಆಂಪಿಯರ್ ಆಸುಪಾಸಿನ ಕರೆಂಟು ಕೆಲವು ಸೆಕೆಂಡು ಎದೆಯ ಮೂಲಕ ಹಾದರೆ ಹೃದಯದ ಬಡಿತವೇ ಲಯ ತಪ್ಪಬಹುದು. 230 ವೋಲ್ಟಿನಲ್ಲಿ 10 ವ್ಯಾಟಿನ ಬಲ್ಬು ಉರಿಯಲು ಬೇಕಾದದ್ದು ಹೆಚ್ಚುಕಡಿಮೆ ಇಷ್ಟೇ. ‘ಇದು ಮನೆ ಲೈನು, ಅದು ದೊಡ್ಡ ಲೈನು’ ಎಂಬ ಭೇದ ಅಷ್ಟರಮಟ್ಟಿಗೆ ಅರ್ಥವಿಲ್ಲದ್ದು. ಫ್ಯೂಸು ಹಾರಿ ಕಾಪಾಡುತ್ತದೆ ಎಂಬುದೂ ಸುಳ್ಳು ನಂಬಿಕೆ. ಲೈನಿನ ಫ್ಯೂಸು ಹಾರುವುದು ಆಂಪಿಯರ್‌ಗಟ್ಟಲೆ ಕರೆಂಟು ಹರಿದಾಗ. ಅದು ಇರುವುದು ತಂತಿಯನ್ನೂ ಟ್ರಾನ್ಸ್‌ಫಾರ್ಮರನ್ನೂ ಉಳಿಸಲು, ನಮ್ಮನ್ನು ಉಳಿಸಲು ಅಲ್ಲ.

ತಂತಿಯನ್ನು ಮುಟ್ಟಲೇಬೇಕೆಂದೂ ಇಲ್ಲ. ತೀರ ಹತ್ತಿರ ಹೋದರೆ ಕರೆಂಟು ಗಾಳಿಯನ್ನು ಸೀಳಿಕೊಂಡು ಜಿಗಿಯುತ್ತದೆ. 11 ಕಿಲೋವೋಲ್ಟ್ ಲೈನಿನಲ್ಲಿ ಈ ಜಿಗಿತ ಕೆಲವೇ ಸೆಂಟಿಮೀಟರ್. ವೋಲ್ಟೇಜ್ ಏರಿದಂತೆ ಅದೂ ಹೆಚ್ಚುತ್ತದೆ. ಹಾಗಿದ್ದರೂ ಅಮೆರಿಕದ ಕಾರ್ಮಿಕ ಸುರಕ್ಷತಾ ಸಂಸ್ಥೆ ‘ಓಶಾ’ 50 ಕಿಲೋವೋಲ್ಟ್ ವರೆಗಿನ ಲೈನುಗಳಿಂದ ಕನಿಷ್ಠ 10 ಅಡಿ, ಅಂದರೆ ಸುಮಾರು 3 ಮೀಟರ್, ದೂರವಿರಬೇಕು ಎನ್ನುತ್ತದೆ. ಕೆಲವು ಸೆಂಟಿಮೀಟರಿಗೆ ಮೂರು ಮೀಟರ್ ಏಕೆ? ಗಾಳಿಗೆ ತಂತಿ ತೂಗುತ್ತದೆ, ಗುಂಡಿಗೆ ಚಕ್ರ ಇಳಿದಾಗ ಯಂತ್ರದ ತುದಿ ಪುಟಿಯುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಬಯಲಿನಲ್ಲಿ ನಿಂತು ಮೇಲಿನ ತಂತಿ ಎಷ್ಟು ದೂರವಿದೆ ಎಂದು ಅಂದಾಜು ಮಾಡುವುದರಲ್ಲಿ ಮನುಷ್ಯನ ಕಣ್ಣು ತೀರ ಕಳಪೆ. ಆ ಮೂರು ಮೀಟರ್ ಇಟ್ಟಿರುವುದು ನಮ್ಮ ತಪ್ಪು ಅಂದಾಜನ್ನು ನುಂಗಿಕೊಳ್ಳಲು. ಗೋಪುರಗಳ ಮೇಲಿನ ದೊಡ್ಡ ಲೈನುಗಳಿಗೆ ಇನ್ನೂ ಹೆಚ್ಚು ಬೇಕು. ಎಷ್ಟೆಂದು ವಿದ್ಯುತ್ ಕಂಪನಿಯವರನ್ನೇ ಕೇಳಬೇಕು.

ಹೆಜ್ಜೆ 1: ಬರಿ ನೆಲವಿದ್ದಾಗ ನಕ್ಷೆ ಬರೆಯಿರಿ

ಬಿತ್ತನೆಯೂ ಕಟಾವೂ ಇಲ್ಲದ ದಿನ ಒಂದು ಹಾಳೆ ಹಿಡಿದು ಹೊಲ ಸುತ್ತಿ ಬನ್ನಿ. ಕಂಬಗಳು, ತಂತಿ ಹಾದ ದಿಕ್ಕು, ಟ್ರಾನ್ಸ್‌ಫಾರ್ಮರ್, ಪಂಪ್‌ಮನೆಗೆ ಎಳೆದ ಸರ್ವಿಸ್ ವೈರು, ಕಂಬ ವಾಲದಂತೆ ಅದರಿಂದ ನೆಲಕ್ಕೆ ಓರೆಯಾಗಿ ಬಿಗಿದ ಸ್ಟೇ ತಂತಿ ಎಲ್ಲವನ್ನೂ ಗುರುತು ಹಾಕಿ. ಬೆಳೆ ಎದೆಮಟ್ಟ ಬಂದಮೇಲೆ ಸ್ಟೇ ತಂತಿ ಕಣ್ಣಿಗೇ ಬೀಳುವುದಿಲ್ಲ, ಅದಕ್ಕೇ ಈ ಕೆಲಸ ಬರಿ ನೆಲವಿದ್ದಾಗಲೇ ಆಗಬೇಕು. ಹೊಲದೊಳಗಷ್ಟೇ ನೋಡಿ ಬಿಡಬೇಡಿ. ಬಂಡಿದಾರಿ, ಗೇಟು, ಕಣ, ಬಣವೆ ಒಟ್ಟುವ ಜಾಗ, ಟ್ರ್ಯಾಕ್ಟರ್ ತಿರುಗಿಸುವ ಹೊಲದ ಅಂಚು ಇವುಗಳ ಮೇಲೂ ಏನು ಹಾದಿದೆ ನೋಡಿ.

ಜೋತುಬಿದ್ದ ತಂತಿ, ವಾಲಿದ ಕಂಬ, ತಂತಿಗೆ ತಾಗಿದ ಕೊಂಬೆ, ತಂತಿ ಕೂರಿಸಿದ ಪಿಂಗಾಣಿ ಒಡೆದಿರುವುದು ಕಂಡರೆ ದೂರದಿಂದಲೇ ಫೋಟೊ ತೆಗೆದು ವಿದ್ಯುತ್ ಕಚೇರಿಗೆ ಬರಹದಲ್ಲಿ ದೂರು ಕೊಡಿ, ದೂರಿನ ಸಂಖ್ಯೆ ಇಟ್ಟುಕೊಳ್ಳಿ. ಬಾಯಿಮಾತಿನ ದೂರು ಬಾಯಲ್ಲೇ ಉಳಿಯುವುದು ಎಲ್ಲರಿಗೂ ಗೊತ್ತಿರುವ ಸಂಗತಿ.

ನಿಮ್ಮ ಹೊಲದಲ್ಲಿ ತಂತಿ ಎಲ್ಲಿದೆ ಎಂದು ನಿಮಗೆ ಗೊತ್ತೇ ಇದೆ. ಬಾಡಿಗೆಗೆ ಬಂದ ಕಟಾವು ಯಂತ್ರದವರು, ಬೋರ್‌ವೆಲ್ ಲಾರಿಯವರು, ಗೊಬ್ಬರ ಸುರಿಯಲು ಬಂದ ಟಿಪ್ಪರಿನವರು ಹೊಸಬರು. ಅವರು ಬರುವುದು ಅವಸರದಲ್ಲಿ, ಎಷ್ಟೋ ಸಲ ಕತ್ತಲಲ್ಲಿ. ಯಂತ್ರ ಗೇಟು ದಾಟುವ ಮೊದಲು ಆ ಹಾಳೆಯನ್ನು ಅವರ ಕೈಗೆ ಕೊಟ್ಟು, ನಡೆದು ತೋರಿಸಿ. ರಾತ್ರಿ ಹೆಡ್‌ಲೈಟಿನ ಬೆಳಕು ನೆಲದ ಮೇಲೆ ಬೀಳುತ್ತದೆಯೇ ಹೊರತು ತಂತಿಯ ಮೇಲಲ್ಲ. ತಂತಿ ಇರುವ ಭಾಗದ ಕೆಲಸವನ್ನಾದರೂ ಹಗಲಿಗೆ ಇಟ್ಟುಕೊಳ್ಳಿ.

ಹೆಜ್ಜೆ 2: ತಂತಿಯ ಎತ್ತರ ತಿಳಿದುಕೊಳ್ಳಿ, ಅಳತೆಪಟ್ಟಿ ಎತ್ತದೆ

ಕೋಲು ಹಿಡಿದು ಅಳೆಯುವುದು, ದಾರಕ್ಕೆ ಕಲ್ಲು ಕಟ್ಟಿ ಎಸೆಯುವುದು, ಲೋಹದ ಟೇಪನ್ನು ಮೇಲಕ್ಕೆ ಚಾಚುವುದು ಯಾವುದೂ ಬೇಡ. ನಿಖರ ಎತ್ತರ ಬೇಕಿದ್ದರೆ ವಿದ್ಯುತ್ ಕಂಪನಿಯವರಿಂದ ಅಳೆಸಿ. ಅಂದಾಜಿಗೆ ಒಂದು ಕಾಗದ ಸಾಕು.

ಚೌಕಾಕಾರದ ಕಾಗದವನ್ನು ಮೂಲೆಯಿಂದ ಮೂಲೆಗೆ ಮಡಚಿ ತ್ರಿಕೋನ ಮಾಡಿ. ಒಂದು ಗಿಡ್ಡ ಅಂಚು ನೆಲಕ್ಕೆ ಸಮಾನಾಂತರವಾಗಿ, ಇನ್ನೊಂದು ಗಿಡ್ಡ ಅಂಚು ನೆಟ್ಟಗೆ ನಿಲ್ಲುವಂತೆ ಕಣ್ಣಿನ ಬಳಿ ಹಿಡಿಯಿರಿ. ಎರಡು ಕಂಬಗಳ ನಡುಮಧ್ಯೆ, ತಂತಿ ಎಲ್ಲಕ್ಕಿಂತ ಕೆಳಗಿರುವಲ್ಲಿ, ಅದರ ಅಡಿಯಿಂದ ಹೊರಟು ಲೈನಿಗೆ ಅಡ್ಡಲಾಗಿ ದೂರ ಸರಿಯುತ್ತ ಹೋಗಿ. ಓರೆ ಅಂಚಿನ ಗುಂಟ ನೋಡಿದಾಗ ಅತಿ ಕೆಳಗಿನ ತಂತಿ ಅದರ ನೇರಕ್ಕೆ ಬಂದ ಕಡೆ ನಿಲ್ಲಿ. ಆ ತಂತಿಯ ನೇರ ಕೆಳಗಿನ ನೆಲದಿಂದ ನಿಮ್ಮ ಪಾದದವರೆಗಿನ ದೂರಕ್ಕೆ ನಿಮ್ಮ ಕಣ್ಣಿನ ಎತ್ತರ ಕೂಡಿಸಿದರೆ ತಂತಿಯ ಎತ್ತರ ಸಿಗುತ್ತದೆ. ದೂರ 4 ಮೀಟರ್, ಕಣ್ಣಿನ ಎತ್ತರ 1.5 ಮೀಟರ್ ಎಂದಾದರೆ ತಂತಿ ಸುಮಾರು 5.5 ಮೀಟರ್ ಎತ್ತರದಲ್ಲಿದೆ. ಸಮತಟ್ಟಾದ ನೆಲದಲ್ಲಿ ಮಾತ್ರ ಈ ಲೆಕ್ಕ ಸರಿ.

ಬಂದ ಸಂಖ್ಯೆಯಿಂದ ಅರ್ಧ ಮೀಟರಾದರೂ ಕಳೆಯಿರಿ. ಬಿಸಿಯಾದ ಲೋಹ ಹಿಗ್ಗುತ್ತದೆ, ತಂತಿ ಇನ್ನಷ್ಟು ಜೋತು ಬೀಳುತ್ತದೆ. ಬಿಸಿಲೂ ಇದ್ದು, ಸುತ್ತಲಿನ ಪಂಪುಗಳೆಲ್ಲ ಒಟ್ಟಿಗೆ ಓಡುತ್ತಿದ್ದರೆ, ಬೆಳಗಿನ ತಂಪಿನಲ್ಲಿ ಅಳೆದ ಎತ್ತರ ಮಧ್ಯಾಹ್ನಕ್ಕೆ ಉಳಿದಿರುವುದಿಲ್ಲ.

ಲೈನು ನಿಯಮದಂತೆಯೇ ಇದೆ ಎಂಬ ಧೈರ್ಯವೂ ಹೆಚ್ಚು ದೂರ ಸಾಗದು. ಬ್ರಿಟನ್ನಿನಲ್ಲಿ 33 ಕಿಲೋವೋಲ್ಟ್ ವರೆಗಿನ ತಂತಿ ರಸ್ತೆಯಲ್ಲದ ಕಡೆ ನೆಲದಿಂದ ಕನಿಷ್ಠ 5.2 ಮೀಟರ್ ಇರಬೇಕು. ಭಾರತದಲ್ಲಿ 11 ಕಿಲೋವೋಲ್ಟ್ ವರೆಗಿನ ಬರಿ ತಂತಿಗೆ ಈ ಮಿತಿ 4.6 ಮೀಟರ್. 4.6ರಲ್ಲಿ ಮೂರು ಮೀಟರ್ ಕಳೆದರೆ ಉಳಿಯುವುದು 1.6. ನಿಂತ ಮನುಷ್ಯನ ಎತ್ತರಕ್ಕೂ ಸಾಲದು ಅದು. ಹುಲ್ಲು ಹೇರಿದ ಟ್ರೇಲರಿನ ಮಾತು ಬಿಡಿ. ಕಾನೂನು ಪಾಲಿಸಿದ ಲೈನೇ ನಿಮ್ಮ ಹೊರೆಗೆ ಅಪಾಯಕಾರಿ ಆಗಿರಬಹುದು.

ಇನ್ನೊಂದು ಸಂಗತಿ ಸಾಮಾನ್ಯವಾಗಿ ಯಾರ ಗಮನಕ್ಕೂ ಬರುವುದಿಲ್ಲ. ತಂತಿ ಇಳಿಯದಿದ್ದರೂ ನೆಲ ಏರಬಹುದು. ಹೊಲ ಸಮ ಮಾಡಲು ಮಣ್ಣು ಹೊಡೆಸಿದಾಗ, ಬದು ಎತ್ತರಿಸಿದಾಗ, ಬಂಡಿದಾರಿಗೆ ಜಲ್ಲಿ ಸುರಿದಾಗ ಆ ಅಂತರ ಸದ್ದಿಲ್ಲದೆ ಕರಗುತ್ತದೆ. ಲೈನಿನ ಕೆಳಗೆ ಮಣ್ಣು ಏರಿಸುವ ಮುನ್ನ ಕಂಪನಿಯನ್ನು ಕೇಳಿ. ಏರಿಸಿ ಆಗಿದ್ದರೆ ಹೊಸದಾಗಿ ಅಳೆಯಿರಿ.

ಹೆಜ್ಜೆ 3: ಯಂತ್ರದ ಅತಿ ಎತ್ತರ ಯಾವಾಗ ಬರುತ್ತದೆ?

ಸಿಂಪಡಿಸುವ ಯಂತ್ರದ ರೆಕ್ಕೆಗಳು ಮಡಚಿದಾಗಲೂ ಕೆಳಗಿರುತ್ತವೆ, ಬಿಚ್ಚಿ ಕೆಲಸ ಮಾಡುವಾಗಲೂ ಕೆಳಗಿರುತ್ತವೆ. ಎತ್ತರ ಏರುವುದು ಬಿಚ್ಚುವ ಮತ್ತು ಮಡಚುವ ಆ ಕೆಲವು ಸೆಕೆಂಡುಗಳಲ್ಲಿ. ಕಟಾವು ಯಂತ್ರದ ಕಾಳು ಸುರಿಯುವ ಕೊಳವೆ ಹೊರಚಾಚುವಾಗಲೂ, ಟ್ರೇಲರಿನ ತೊಟ್ಟಿ ಎದ್ದಾಗಲೂ ಹೀಗೆಯೇ. ಆದ್ದರಿಂದ ಪ್ರತಿ ಯಂತ್ರಕ್ಕೂ ಮೂರು ಎತ್ತರ ಅಳೆಯಿರಿ: ದಾರಿಯಲ್ಲಿ ಹೋಗುವಾಗಿನದು, ಕೆಲಸ ಮಾಡುವಾಗಿನದು, ಭಾಗಗಳು ಏಳುವ, ಇಳಿಯುವ ನಡುವಿನದು. ರೇಡಿಯೊ ಆಂಟೆನಾ ಸೇರಿಸಲು ಮರೆಯಬೇಡಿ. ಮೂರರಲ್ಲಿ ದೊಡ್ಡದನ್ನು ಚಾಲಕನ ಕಣ್ಣೆದುರು ಬರೆದು ಅಂಟಿಸಿ. ಹೊಸ ಯಂತ್ರ ಕೊಂಡಾಗ ಹಳೆಯ ದಾರಿಯೇ ಹೊಸ ಅಪಾಯವಾಗುತ್ತದೆ ಎಂಬುದು ನೆನಪಿರಲಿ.

ಹೆಜ್ಜೆ 4: ತಂತಿಯ ಕೆಳಗೆ ಕೆಲಸವೇ ಇಲ್ಲದಂತೆ ಮಾಡಿ

ಇದೇ ಇಡೀ ಲೇಖನದ ತಿರುಳು. ಲೈನಿನ ಎರಡೂ ಬದಿಗೆ ನೆಲದ ಮೇಲೆ ಹತ್ತತ್ತು ಮೀಟರ್ ಅಗಲದ ಪಟ್ಟಿಯೊಂದನ್ನು ಮನಸ್ಸಿನಲ್ಲಿ ಎಳೆದುಕೊಳ್ಳಿ. ಅಲ್ಲಿ ಉಳುಮೆ, ಕಳೆ ತೆಗೆಯುವಂಥ ಗಿಡ್ಡ ಕೆಲಸ ನಡೆಯಲಿ. ಹೊರೆ ಹೇರುವುದು, ಟ್ರೇಲರ್ ಎತ್ತಿ ಸುರಿಯುವುದು, ಬಣವೆ ಒಟ್ಟುವುದು, ರೆಕ್ಕೆ ಬಿಚ್ಚುವುದು, ಯಂತ್ರ ನಿಲ್ಲಿಸಿ ರಿಪೇರಿ ಮಾಡುವುದು ಆ ಪಟ್ಟಿಯಲ್ಲಿ ಬೇಡ.

ಪೈಪುಗಳನ್ನೂ ಏಣಿಗಳನ್ನೂ ಅಲ್ಲಿ ಇಡಬೇಡಿ. ಇಟ್ಟಿದ್ದರೆ ತಾನೇ ಏನು, ಮಲಗಿರುವ ಪೈಪು ಏನು ಮಾಡೀತು ಅನ್ನಿಸಬಹುದು. ಆದರೆ ಇಟ್ಟ ಜಾಗದಲ್ಲೇ ಅದನ್ನು ಎತ್ತುತ್ತಾರೆ. 6 ಮೀಟರಿನ ಅಲ್ಯೂಮಿನಿಯಂ ಪೈಪನ್ನು ಎದೆಮಟ್ಟಕ್ಕೆ ಹಿಡಿದು ನೆಟ್ಟಗೆ ಮಾಡಿದರೆ ಅದರ ತುದಿ 7 ಮೀಟರ್ ದಾಟುತ್ತದೆ. ಪೈಪಿನೊಳಗೆ ಹೊಕ್ಕ ಇಲಿಯನ್ನೋ ಹಾವನ್ನೋ ಕಸವನ್ನೋ ಕೊಡವಲು ಹೀಗೆ ನೆಟ್ಟಗೆ ಎತ್ತಿ ಪ್ರಾಣ ಕಳೆದುಕೊಂಡವರಿದ್ದಾರೆ. ಪೈಪನ್ನು ಮಲಗಿಸಿಯೇ ಕೋಲಿನಿಂದ ತಳ್ಳಿ ಸ್ವಚ್ಛ ಮಾಡಿ. ಉದ್ದದ ವಸ್ತು ಯಾವುದನ್ನೇ ಆಗಲಿ ಇಬ್ಬರು ಹಿಡಿದು ಅಡ್ಡಡ್ಡ ಸಾಗಿಸಿ.

ದೋಟಿಯ ವಿಷಯ ಬೇರೆಯೇ ಹೇಳಬೇಕು. ಹಗುರವಾಗಿರಲೆಂದು ಈಗ ಕಾರ್ಬನ್ ಫೈಬರ್ ದೋಟಿಗಳು ಬಂದಿವೆ. ಪ್ಲಾಸ್ಟಿಕ್ಕಿನಂತೆ ಕಂಡರೂ ಕಾರ್ಬನ್ ಫೈಬರ್ ಕರೆಂಟು ಹರಿಸುತ್ತದೆ. ಅಲ್ಯೂಮಿನಿಯಂ ದೋಟಿಯಂತೂ ಹರಿಸಿಯೇ ಹರಿಸುತ್ತದೆ. ಹಸಿ ಬಿದಿರು, ಮಳೆಗೆ ನೆಂದ ಮರದ ಕೋಲು ಕೂಡ ಹರಿಸುತ್ತವೆ. ತಂತಿಯ ಪಕ್ಕದ ಮರ ಹತ್ತುವುದು, ಕೊಂಬೆ ಕಡಿಯುವುದು ಕಂಪನಿಯವರು ಲೈನಿನ ಕರೆಂಟು ಕಡಿದ ಮೇಲೆಯೇ. ಹೊಸ ಗಿಡ ನೆಡುವಾಗ ಅದು ಬೆಳೆದು ನಿಂತರೆ ಎಷ್ಟೆತ್ತರ ಹೋಗುತ್ತದೆ ಎಂದು ಈಗಲೇ ಯೋಚಿಸಿ.

ಹೊಸ ಕೊಳವೆಬಾವಿಯ ಜಾಗ ಗುರುತಿಸುವಾಗ ನೀರಿನ ಜೊತೆ ಆಕಾಶವನ್ನೂ ನೋಡಿ. ಕೊರೆಯುವ ದಿನದ ರಿಗ್ ಒಂದೇ ಅಲ್ಲ. ಮುಂದೆ ಮೋಟಾರ್ ಕೆಟ್ಟಾಗಲೆಲ್ಲ ಅಲ್ಲಿ ಪೈಪು ಎತ್ತಲೇಬೇಕು. ನೀರನ್ನು ದೂರಕ್ಕೆ ಚಿಮ್ಮಿಸುವ ರೇನ್ ಗನ್‌ನ ಧಾರೆ ತಂತಿಗೆ ತಾಗದಂತೆ ಅದರ ಕೋನ ಕಟ್ಟಿಹಾಕಿ, ಏಕೆಂದರೆ ನೀರಿನ ಧಾರೆಯೂ ಕರೆಂಟಿಗೆ ದಾರಿ. ಕೂಳೆ, ರವದಿಗಳಿಗೆ ಲೈನಿನ ಕೆಳಗೆ ಬೆಂಕಿ ಹಚ್ಚಬೇಡಿ: ಬಿಸಿಗಾಳಿ ಮತ್ತು ದಟ್ಟ ಹೊಗೆ ಗಾಳಿಯ ತಡೆಯುವ ಶಕ್ತಿಯನ್ನೇ ಕುಗ್ಗಿಸಿ, ದೊಡ್ಡ ಲೈನುಗಳಿಂದ ಕರೆಂಟು ನೆಲಕ್ಕೆ ಜಿಗಿಯುವಂತೆ ಮಾಡಬಲ್ಲವು. ಔಷಧ ಹೊಡೆಯುವ ಡ್ರೋನ್ ತಂತಿಗೆ ಸಿಕ್ಕಿಕೊಂಡರೆ ಅದನ್ನು ಅಲ್ಲೇ ಬಿಟ್ಟು ಕಂಪನಿಗೆ ಫೋನ್ ಮಾಡಿ. ಲೈನಿನ ಕೆಳಗೆ ಬೇಲಿಯ ತಂತಿ ಎಳೆಯುವಾಗ, ಬಿಗಿದ ತಂತಿ ತುಂಡಾದರೆ ಮೇಲಕ್ಕೆ ಚಿಮ್ಮುತ್ತದೆ ಎಂಬುದು ಗೊತ್ತಿರಲಿ.

ಆ ಪಟ್ಟಿಯೊಳಗೆ ಎತ್ತರದ ಕೆಲಸ ತಪ್ಪಿಸಲಾಗದೇ ಇದ್ದರೆ ಮೊದಲೇ ಕೇಳಿಕೊಂಡು ಲೈನು ತೆಗೆಸಿ. ತೆಗೆಸುವುದೆಂದರೆ ಕಂಪನಿಯ ಸಿಬ್ಬಂದಿ ಸಂಪರ್ಕ ಕಡಿದು, ತಂತಿಯನ್ನು ನೆಲಕ್ಕೆ ಅರ್ತ್ ಮಾಡಿ, ಈಗ ಮಾಡಿಕೊಳ್ಳಿ ಎಂದು ಹೇಳುವುದು. ‘ಈಗ ಕರೆಂಟಿಲ್ಲ, ಬೇಗ ಮುಗಿಸಿಬಿಡೋಣ’ ಅನ್ನುವುದು ಅದಲ್ಲ. ಹೋದ ಕರೆಂಟು ಹೇಳದೆ ಬರುತ್ತದೆ. ಯಾರದೋ ಜನರೇಟರಿನಿಂದ ಹಿಮ್ಮುಖವಾಗಿಯೂ ಹರಿಯಬಹುದು. ಮನೆಯ ಬಲ್ಬು ಆರಿದ್ದರೂ ಟ್ರಾನ್ಸ್‌ಫಾರ್ಮರಿನ ಆಚೆಯ ಲೈನಿನಲ್ಲಿ ಕರೆಂಟು ಇರಬಹುದು.

ಹೆಜ್ಜೆ 5: ದಾಟುವ ಜಾಗ ಒಂದೇ ಇರಲಿ

ಲೈನಿನ ಅಡಿಯಲ್ಲಿ ಕಂಡಕಂಡ ಕಡೆ ದಾಟುವ ಬದಲು ಒಂದು ಜಾಗ ಗೊತ್ತು ಮಾಡಿ. ಕಂಬದ ಹತ್ತಿರ ತಂತಿ ಹೆಚ್ಚು ಎತ್ತರದಲ್ಲಿರುತ್ತದೆ, ನಡುವೆ ಕೆಳಗಿರುತ್ತದೆ. ಹಾಗಾಗಿ ಕಂಬದ ಕಡೆಗೆ, ಆದರೆ ಸ್ಟೇ ತಂತಿ ತಪ್ಪಿಸಿ, ದಾರಿ ಮಾಡಿಕೊಳ್ಳಿ. ಲೈನಿನಿಂದ ದೂರ ಎರಡೂ ಕಡೆ ಪ್ಲಾಸ್ಟಿಕ್ ಕಂಬ ನೆಟ್ಟು, ದಾಟಬಹುದಾದ ಗರಿಷ್ಠ ಎತ್ತರಕ್ಕೆ ಬಣ್ಣದ ಪ್ಲಾಸ್ಟಿಕ್ ಪಟ್ಟಿ ಅಡ್ಡ ಕಟ್ಟಿ. ಹೊರೆ ಮೊದಲು ತಾಗುವುದು ಆ ಪಟ್ಟಿಗೆ, ಚಾಲಕನಿಗೆ ಅಲ್ಲೇ ಗೊತ್ತಾಗುತ್ತದೆ.

ಟ್ರೇಲರಿನ ತೊಟ್ಟಿ ಪೂರ್ತಿ ಇಳಿದ ಮೇಲೆಯೇ ಗಾಡಿ ಮುಂದೆ ಹೋಗಬೇಕು. ಸುರಿದಾದ ಮೇಲೆ ಉಳಿದ ಕಾಳು ಉದುರಲಿ ಎಂದು ತೊಟ್ಟಿ ಎತ್ತಿಕೊಂಡೇ ನಾಲ್ಕು ಮಾರು ಹೋಗುವ ಅಭ್ಯಾಸ ಅನೇಕರಿಗಿದೆ. ಬಹಳ ಕೆಟ್ಟ ಅಭ್ಯಾಸ ಅದು. ಹೊರೆಯ ಮೇಲೆ ಯಾರೂ ಕೂತಿರಬಾರದು. ಅನುಮಾನವಿದ್ದರೆ ಒಬ್ಬರು ಗಾಡಿಯಿಂದ ದೂರ ನಿಂತು ತಂತಿ ಮತ್ತು ಯಂತ್ರದ ನಡುವಿನ ಅಂತರವನ್ನಷ್ಟೇ ನೋಡಲಿ. ಆ ಹೊತ್ತಿನಲ್ಲಿ ಅವರಿಗೆ ಬೇರೆ ಕೆಲಸ ಹೇಳಬೇಡಿ.

ಕಂಬ ಮತ್ತು ಸ್ಟೇ ತಂತಿಯ ಸುತ್ತ ಒಂದಿಷ್ಟು ನೆಲ ಬಿಟ್ಟೇ ಉಳುಮೆ ಮಾಡಿ. ನೇಗಿಲು ತಾಗಿ ಸ್ಟೇ ಸಡಿಲವಾದರೆ ಕಂಬ ವಾಲುತ್ತದೆ, ಆಚೀಚೆಯ ತಂತಿ ಜೋಲುತ್ತದೆ. ಕಂಬದ ಬುಡದಿಂದ ಮಣ್ಣು ತೆಗೆಯುವುದು, ಸ್ಟೇ ತಂತಿಗೆ ದನ ಕಟ್ಟುವುದು, ಬಟ್ಟೆ ಒಣಗಿಸುವುದು ಇವತ್ತೇ ನಿಲ್ಲಲಿ.

ತಂತಿ ಹರಿದು ಬಿದ್ದರೆ

ಬಿದ್ದ ತಂತಿ ಕಿಡಿ ಹಾರಿಸುವುದಿಲ್ಲ, ಸದ್ದು ಮಾಡುವುದಿಲ್ಲ ಎಂದ ಮಾತ್ರಕ್ಕೆ ಅದು ಸತ್ತಿಲ್ಲ. ಒಣ ನೆಲದ ಮೇಲೆ ಬಿದ್ದಾಗ ಹರಿಯುವ ಕರೆಂಟು ಎಷ್ಟೋ ಸಲ ಫ್ಯೂಸು ಹಾರುವಷ್ಟು ಇರುವುದಿಲ್ಲ. ಕೆಲವು ಲೈನುಗಳಲ್ಲಿ ಕಡಿದ ಕರೆಂಟನ್ನು ಕೆಲ ಸೆಕೆಂಡಿನಲ್ಲಿ ತಾನಾಗಿಯೇ ಮತ್ತೆ ಹರಿಸುವ ಉಪಕರಣವೂ ಇರುತ್ತದೆ.

ತಂತಿ ನೆಲ ಮುಟ್ಟಿದ ಜಾಗದಿಂದ ಸುತ್ತಲಿನ ಮಣ್ಣಿನಲ್ಲಿ ವೋಲ್ಟೇಜ್ ಹರಡಿ, ದೂರ ಹೋದಂತೆ ಇಳಿಯುತ್ತ ಹೋಗುತ್ತದೆ. ಅಗಲ ಹೆಜ್ಜೆ ಇಟ್ಟರೆ ಎರಡು ಪಾದಗಳ ನಡುವೆ ವೋಲ್ಟೇಜಿನ ವ್ಯತ್ಯಾಸ ಬಂದು, ಒಂದು ಕಾಲಿನಿಂದ ಏರಿ ಇನ್ನೊಂದರಿಂದ ಕರೆಂಟು ಇಳಿಯುತ್ತದೆ. ದನಗಳ ಮುಂಗಾಲು ಹಿಂಗಾಲುಗಳ ನಡುವಿನ ಅಂತರ ಹೆಚ್ಚು, ನಡುವೆ ಹೃದಯವೂ ಇದೆ. ಮನುಷ್ಯ ಬದುಕುಳಿಯುವ ಕಡೆ ಅವು ಸಾಯುವುದು ಇದರಿಂದಲೇ. ಬಿದ್ದ ದನವನ್ನು ಎಬ್ಬಿಸಲು ಓಡಬೇಡಿ. ಕನಿಷ್ಠ 10 ಮೀಟರ್ ದೂರ ನಿಲ್ಲಿ. ನೆಲ ಒದ್ದೆಯಿದ್ದರೆ ಇನ್ನೂ ಹೆಚ್ಚು. ತಂತಿ ಬೇಲಿಯ ಮೇಲೆ ಬಿದ್ದಿದ್ದರೆ ಆ ಬೇಲಿ ಹೋದಷ್ಟು ದೂರವೂ ಅಪಾಯವೇ. ಜನರನ್ನು ತಡೆದು ನಿಲ್ಲಿಸಿ, ವಿದ್ಯುತ್ ಕಚೇರಿಗೆ ಫೋನ್ ಮಾಡಿ, ಹತ್ತಿರದ ಕಂಬದ ಸಂಖ್ಯೆ ಹೇಳಿ. ಆ ಸಂಖ್ಯೆಗಳನ್ನೂ ಫೋನ್ ನಂಬರನ್ನೂ ನಿಮ್ಮ ನಕ್ಷೆಯಲ್ಲೇ ಬರೆದಿಟ್ಟರೆ ಆಗ ಹುಡುಕಾಡಬೇಕಿಲ್ಲ.

ಯಂತ್ರ ತಂತಿಗೆ ತಗುಲಿದರೆ

ಚಾಲಕನಿಗೆ ಮೊದಲು ಅನ್ನಿಸುವುದು ಕೆಳಗೆ ಹಾರಬೇಕೆಂದು. ಸೀಟಿನಲ್ಲೇ ಕೂತಿರಿ. ಇಡೀ ಯಂತ್ರ ಒಂದೇ ವೋಲ್ಟೇಜಿನಲ್ಲಿ ಇರುವವರೆಗೆ ಅದರ ಮೇಲಿರುವ ನಿಮ್ಮ ಸ್ಥಿತಿ ತಂತಿಯ ಮೇಲಿನ ಹಕ್ಕಿಯದೇ. ಒಂದು ಕಾಲು ಮೆಟ್ಟಿಲ ಮೇಲೆ, ಇನ್ನೊಂದು ನೆಲದ ಮೇಲೆ ಇಟ್ಟ ಕ್ಷಣ ಪ್ರಾಣ ಹೋಗುತ್ತದೆ. ಟೈರಿನ ರಬ್ಬರು ಕಾಪಾಡುತ್ತದೆ ಎಂದುಕೊಳ್ಳಬೇಡಿ. ಅದರಲ್ಲಿ ಕಾರ್ಬನ್ನೂ ಎಷ್ಟೋ ಟೈರುಗಳಲ್ಲಿ ಉಕ್ಕಿನ ತಂತಿಯೂ ಇರುತ್ತವೆ.

1. ಹತ್ತಿರ ಬರುವವರನ್ನು ಕೂಗಿ ದೂರ ನಿಲ್ಲಿಸಿ. ಯಂತ್ರ ಮುಟ್ಟಿದವರು ಸಾಯುತ್ತಾರೆ.
2. ತಂತಿ ಹರಿಯದಂತೆ ಎತ್ತಿದ ಭಾಗ ಇಳಿಸಿ ಅಥವಾ ಗಾಡಿ ಸರಿಸಿ ಬಿಡಿಸಿಕೊಳ್ಳಲು ಸಾಧ್ಯವಿದ್ದರೆ ಹಾಗೆ ಮಾಡಿ, ಸಾಕಷ್ಟು ದೂರ ಹೋಗಿ ನಿಲ್ಲಿಸಿ.
3. ಆಗದಿದ್ದರೆ ಕೂತಲ್ಲಿಂದಲೇ ಫೋನ್ ಮಾಡಿ, ಲೈನು ತೆಗೆದಿದ್ದೇವೆ ಎಂದು ವಿದ್ಯುತ್ ಸಿಬ್ಬಂದಿ ಹೇಳುವವರೆಗೆ ಕಾಯಿರಿ.
4. ಬೆಂಕಿ ಹತ್ತಿಕೊಂಡರೆ ಮಾತ್ರ ಇಳಿಯಬೇಕು. ಕೈಗಳನ್ನು ಎದೆಗೆ ಅವಚಿ, ಎರಡೂ ಪಾದ ಜೋಡಿಸಿ, ಯಂತ್ರ ಮತ್ತು ನೆಲ ಎರಡನ್ನೂ ಒಟ್ಟಿಗೆ ಮುಟ್ಟದಂತೆ ದೂರಕ್ಕೆ ನೆಗೆಯಿರಿ. ಬೀಳದೆ, ಪಾದ ಜೋಡಿಸಿಕೊಂಡೇ ಕುಪ್ಪಳಿಸುತ್ತ ಅಥವಾ ಪಾದ ಎತ್ತದೆ ನೆಲಕ್ಕೆ ಉಜ್ಜುತ್ತ 10 ಮೀಟರಿಗಿಂತ ಆಚೆ ಹೋಗಿ. ಮೊಬೈಲು, ಬೀಗದ ಕೈ ಮರೆತಿದ್ದರೂ ಹಿಂದಿರುಗಬೇಡಿ.

ಯಾರಿಗಾದರೂ ಕರೆಂಟು ಹೊಡೆದಿದ್ದರೆ

ಇಂಥ ಅವಘಡಗಳಲ್ಲಿ ಒಬ್ಬರ ಹಿಂದೆ ಇನ್ನೊಬ್ಬರು ಸಾಯುವುದು ಎಳೆಯಲು ಹೋಗಿ. ಒಣ ಕೋಲಿನಿಂದ ತಳ್ಳಿ ಬಿಡಿಸಿ ಎಂಬ ಸಲಹೆ ಎಲ್ಲೆಲ್ಲೂ ಕೇಳಿಬರುತ್ತದೆ. ಕಂಬದ ಮೇಲಿನ ಲೈನಿಗೆ ಅದು ಸಲ್ಲದು. ಕರೆಂಟು ನಿಂತಿದೆ ಎಂದು ಖಚಿತವಾಗದೆ ಹತ್ತಿರ ಹೋಗಬೇಡಿ. ಪಂಪಿನ ಸ್ಟಾರ್ಟರ್‌ನಂಥ ಕಡೆ ಆಗಿದ್ದರೆ ಮೇನ್ ಸ್ವಿಚ್ಚು ಆಫ್ ಮಾಡಿ.

ಕರೆಂಟು ನಿಂತಿರುವುದು ಖಚಿತವಾದ ಮೇಲೆ ಅಲುಗಾಡಿಸಿ ಕೂಗಿ. ಉತ್ತರವಿಲ್ಲದೆ, ಉಸಿರೂ ಸರಿಯಾಗಿಲ್ಲದಿದ್ದರೆ ಆಂಬುಲೆನ್ಸಿಗೆ ಒಬ್ಬರು ಫೋನ್ ಮಾಡಲಿ, ಇನ್ನೊಬ್ಬರು ಎದೆ ಒತ್ತಲು ಶುರು ಮಾಡಲಿ. ಎದೆಯ ನಡುವೆ ಎರಡೂ ಅಂಗೈ ಇಟ್ಟು, ಮೊಣಕೈ ಮಡಚದೆ, ನಿಮಿಷಕ್ಕೆ 100ರಿಂದ 120 ಸಲ, 5ರಿಂದ 6 ಸೆಂಟಿಮೀಟರ್ ಆಳ ಒತ್ತಬೇಕು. ಕಲಿತವರು 30 ಒತ್ತಿಗೆ 2 ಉಸಿರು ಕೊಡಲಿ. ಕರೆಂಟಿನಿಂದ ನಿಂತ ಹೃದಯ ಹೀಗೆ ಮತ್ತೆ ಶುರುವಾಗುವ ಸಾಧ್ಯತೆ ಇದೆ. ನೆರವು ಬರುವವರೆಗೆ ಬಿಡಬೇಡಿ.

ಎದ್ದು ಓಡಾಡಿಕೊಂಡಿರುವವರನ್ನೂ ಆಸ್ಪತ್ರೆಗೆ ಕರೆದೊಯ್ಯಲೇಬೇಕು. ಚರ್ಮದ ಮೇಲೆ ಬೊಟ್ಟಿನಷ್ಟು ಸುಟ್ಟಿದ್ದರೂ ಒಳಗಿನ ಸ್ನಾಯು ಬೆಂದಿರಬಹುದು, ಹೃದಯದ ಲಯ ಕೆಟ್ಟಿರಬಹುದು; ಇಸಿಜಿ ತೆಗೆಸದೆ ತಿಳಿಯುವುದಿಲ್ಲ. ತಂತಿಗೆ ತಗುಲಿದ ಟ್ರ್ಯಾಕ್ಟರಿನ ಟೈರುಗಳೂ ಒಳಗೇ ಬೆಂದು, ಗಂಟೆಗಳ ನಂತರ ಸಿಡಿಯಬಹುದು. ಆ ದಿನ ಅದನ್ನು ಅಲ್ಲೇ ಬಿಟ್ಟು, ಮಕ್ಕಳು ಹತ್ತಿರ ಸುಳಿಯದಂತೆ ನೋಡಿಕೊಳ್ಳಿ.